ಬಿರುದು ಕೇಳುತ್ತ ಹತ್ತಿದ ಗುಡ್ಡ

ನಡೆಯದಿದ್ದರೆ ವರ್ಷದೊಳಗೆ ಕಾಲುಗಳೇ ಸೋತುಹೋಗುತ್ತವೆ ಎಂದು ವೈದ್ಯರು ಹೇಳಿ ಹೋದರು. ದೇಸಾಯರು ಗಾದಿಯಿಂದ ಕದಲಲಿಲ್ಲ.

“ಮುಂಜಾನೆ ಮಂಜು, ಮಧ್ಯಾಹ್ನ ಬಿಸಿಲು, ಸಂಜಿಗೆ ಮೊಳಕಾಲು ನೋವು!” ಎಂದು ಆಳಿನ ಮೇಲೆ ಗುಡುಗಿದರು. “ನನ್ನನ್ನ ನಡೆಸೋದು ನಿನ್ನ ಕೆಲಸ. ಆಗಲಿಲ್ಲಂದ್ರ ನಾಳೆಯಿಂದ ವಾಡೇಕ್ಕ ಬರಬ್ಯಾಡ.”

“ಆಗಲಿ ಧಣೇರ. ಅದಿರಲಿ, ನಿಮ್ಮಜ್ಜ ಒಬ್ಬರೇ ಗುಡ್ಡದ ಕೋಟೆ ಕಾಯ್ದ ಕತಿ ಕೇಳೀರೇನ್ರಿ?”

ದೇಸಾಯರ ಮೀಸೆ ನೆಟ್ಟಗಾಯಿತು. “ಹೇಳು, ಹೇಳು.”

“ಹಿರಿಯರ ಬಿರುದು ಕೂತು ಹೇಳಬಾರದ್ರಿ. ಹೊಗಳಾಂವ ಮುಂದ, ಧಣಿ ಹಿಂದ. ಅದು ಹಳೇ ಪದ್ಧತಿ.”

ಆಳು ಹೊಗಳುತ್ತ ಹೊರಟ. ದೇಸಾಯರು ಕೇಳುತ್ತ ಹಿಂದೆ ಹೊರಟರು. ಅವರು ನಿಂತರೆ ಅವನ ಬಾಯಿಯೂ ನಿಲ್ಲುತ್ತಿತ್ತು. ಕತೆಯೊಳಗೆ ಅಜ್ಜ ಎತ್ತಿದ ಕತ್ತಿ ಗಾಳಿಯಲ್ಲೇ ಉಳಿಯುತ್ತಿತ್ತು.

ಕತ್ತಿ ಕೆಳಗಿಳಿಯುವಾಗ ಇಬ್ಬರೂ ಗುಡ್ಡದ ತುದಿಯಲ್ಲಿದ್ದರು. ಕೆಳಗೆ ಹೊಳೆ ಬೆಳ್ಳಗೆ ಹರಿಯುತ್ತಿತ್ತು. ಊರಿಗೇ ದೊಡ್ಡ ಮನೆಯಾದ ದೇಸಾಯರ ವಾಡೆ ಅಂಗೈಯಷ್ಟು ಕಾಣುತ್ತಿತ್ತು. ದೇಸಾಯರು ಬಗ್ಗಿ ತಮ್ಮ ಕಾಲುಗಳನ್ನು ನೋಡಿಕೊಂಡರು.

“ಇವು ನನ್ನವೇ ಏನೋ?”

“ನಿಮ್ಮವೇರಿ.”

“ನಾಳೆ ಮುತ್ತಜ್ಜನ ಬಿರುದು ಹೇಳು.”

“ಅವರದು ಭಾಳ ಉದ್ದ ಅದರಿ ಧಣೇರ. ಆಚೆ ಗುಡ್ಡದತನಕ ಆಗ್ತದ.”