ನುಡಿಸದ ವಯೋಲಾ

“ಗುರುಗಳೇ, ನನಗೆ ಬೇರೆ ಕೆಲಸ ಕೊಡಿ” ಎಂದ ಶಿಷ್ಯ ಸೋಮಲಿಂಗ. “ಮಾತು ಬಿದ್ದುಹೋಗಿ ಮಲಗಿರುವ ಮಠದ ಅಡುಗೆಯ ವೀರಭದ್ರಯ್ಯನ ಪಕ್ಕದಲ್ಲಿ ಎರಡು ತಿಂಗಳಿಂದ ಕೂತಿದ್ದೇನೆ. ಔಷಧ ಕೊಡುವವರು ಬೇರೆ, ಗಂಜಿ ಕುಡಿಸುವವರು ಬೇರೆ. ಏನೂ ಮಾಡದೆ ಕೂತವನಿಂದ ಯಾರಿಗೇನು ಉಪಯೋಗ?”

ಹೆಸರುಕಾಳು ಆರಿಸುತ್ತಿದ್ದ ಗುರುಗಳು ತಲೆ ಎತ್ತಲಿಲ್ಲ. “ಕೂರು. ಕೂರುವುದು ನಿನಗೆ ಅಭ್ಯಾಸ ಆಗಿದೆಯಲ್ಲ” ಎಂದು ಹೀಗೊಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಪಾಶ್ಚಾತ್ಯ ಸಂಗೀತ ನುಡಿಸುವ ನಾಲ್ವರಿದ್ದರು. ಇಬ್ಬರದು ಪಿಟೀಲು, ಒಬ್ಬರದು ಮೊಣಕಾಲ ನಡುವೆ ನಿಲ್ಲಿಸಿ ನುಡಿಸುವ ದೊಡ್ಡ ಚೆಲ್ಲೋ, ಇನ್ನೊಬ್ಬನದು ವಯೋಲಾ. ವಯೋಲಾ ಎಂದರೆ ಪಿಟೀಲಿನ ಅಕ್ಕ ಅಂದುಕೋ. ಮೈ ಸ್ವಲ್ಪ ದೊಡ್ಡದು, ದನಿ ತಗ್ಗು. ಇಂಥ ಮೇಳದಲ್ಲಿ ಕೋಲು ಹಿಡಿದು ತಾಳ ತೋರಿಸುತ್ತಾ ಮುಂದೆ ನಿಲ್ಲುವವರು ಯಾರೂ ಇರುವುದಿಲ್ಲ. ಪ್ರತಿಯೊಬ್ಬರ ಮುಂದೆ ಅವರವರ ಸ್ವರ ಬರೆದ ಹಾಳೆ ಮಾತ್ರ ಇರುತ್ತದೆ. ಉಳಿದವರದನ್ನು ಕಿವಿಯಿಂದಲೇ ತಿಳಿಯಬೇಕು. ಹೀಗೆ ಇಪ್ಪತ್ತೆರಡು ವರ್ಷ ಒಟ್ಟಿಗೆ ನುಡಿಸಿದ್ದರು.

ಸ್ವರ ಬರೆಯುವ ಒಬ್ಬ ಹೆಂಗಸು ಅವರಿಗಾಗಿ ಹೊಸ ಕೃತಿ ರಚಿಸಿದಳು. ವಯೋಲಾದವನು ತನ್ನ ಹಾಳೆ ತಿರುವಿದ. ಕೊನೆಯ ಭಾಗದಲ್ಲಿ ಅವನಿಗೆ ಒಂದೂ ಸ್ವರವಿರಲಿಲ್ಲ. ‘ವಾದ್ಯವನ್ನು ಭುಜದ ಮೇಲೆ ಇಟ್ಟುಕೊಂಡಿರಿ. ತಂತಿ ಮುಟ್ಟಬೇಡಿ’ ಎಂದಷ್ಟೇ ಬರೆದಿತ್ತು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇದ್ದ ಮನುಷ್ಯ. ನನ್ನನ್ನು ಗೊಂಬೆ ಮಾಡಿ ಕೂರಿಸಿದ್ದಾಳೆ ಎಂದುಕೊಂಡ. ಅಭ್ಯಾಸದಲ್ಲಿ ಆ ಭಾಗ ಬಂದಾಗಲೆಲ್ಲ ವಾದ್ಯವನ್ನು ಪೆಟ್ಟಿಗೆಗೆ ಹಾಕಿ, ಕಾಫಿ ಕುಡಿಯಲು ಹೊರಗೆ ಹೋಗಿಬಿಡುತ್ತಿದ್ದ.

ಅವಳು ಪ್ರತಿ ಸಲವೂ, “ಕೊನೆಯ ಸದ್ದು ಬರಲಿಲ್ಲ. ದಯವಿಟ್ಟು ವಾದ್ಯ ಎತ್ತಿಕೊಂಡು ಕೂರಿ” ಎನ್ನುತ್ತಿದ್ದಳು.

“ಸದ್ದು ಬೇಕಾದರೆ ನುಡಿಸುವವರನ್ನು ಕೇಳಮ್ಮ” ಎಂದ ಅವನು. ಚೆಲ್ಲೋದವನಿಗೆ, “ಈ ಕಛೇರಿಯೊಂದು ಮುಗಿಯಲಿ. ಆಮೇಲೆ ನನ್ನ ದಾರಿ ನನಗೆ” ಎಂದೂ ಹೇಳಿದ. ಅವನು ಹೋದರೆ ಮೇಳವೇ ಮುಗಿಯಿತು ಎಂದು ಉಳಿದವರಿಗೆಲ್ಲ ಗೊತ್ತಿತ್ತು.

“ಅವಳು ಬಿಡಿಸಿ ಹೇಳಬಹುದಿತ್ತಲ್ಲ?” ಎಂದ ಸೋಮಲಿಂಗ.

ಹೇಳಿದ್ದರೆ ನೀನಾದರೂ ನಂಬುತ್ತಿದ್ದೆಯಾ? ಮಧ್ಯೆ ಬಾಯಿ ಹಾಕಬೇಡ.

ಕಛೇರಿಯ ದಿನ ಬಂತು. ಕೊನೆಯ ಭಾಗ ಶುರುವಾಯಿತು. ಜನರ ಎದುರಿಗೆ ಎದ್ದು ಹೋಗುವಂತಿಲ್ಲ. ಮುಖ ಊದಿಸಿಕೊಂಡು ವಾದ್ಯವನ್ನು ಭುಜಕ್ಕೇರಿಸಿ, ಗಲ್ಲ ಒತ್ತಿ ಕೂತ. ಚೆಲ್ಲೋದವನು ಒಂದು ತಗ್ಗು ಸ್ವರ ಎಳೆದ. ವಯೋಲಾದವನ ದವಡೆ ಜುಮ್ಮೆಂದಿತು. ಗಾಬರಿಯಾಗಿ ನೋಡಿದ. ನುಡಿಸುವ ಕಮಾನು ತೊಡೆಯ ಮೇಲಿತ್ತು. ಬೆರಳು ಎಲ್ಲೂ ತಾಗಿರಲಿಲ್ಲ. ಆದರೂ ತಂತಿ ನಡುಗುತ್ತಿತ್ತು. ಪಿಟೀಲುಗಳು ಸೇರಿದವು, ಮತ್ತೊಂದು ತಂತಿ ನಡುಗಿತು. ಅವಳು ಆ ಮೂವರಿಗೆ ಬರೆದ ಸ್ವರಗಳೆಲ್ಲ ಇವನ ನಾಲ್ಕು ತಂತಿಗಳ ಸ್ವರಗಳೇ ಆಗಿದ್ದವು. ಒಂದು ತಂತಿ ನುಡಿದರೆ, ಅದೇ ಸ್ವರಕ್ಕೆ ಕಟ್ಟಿದ ಪಕ್ಕದ ತಂತಿ ಮುಟ್ಟದೆಯೂ ಮಿಡಿಯುತ್ತದೆ. ಇಪ್ಪತ್ತೆರಡು ವರ್ಷ ನುಡಿಸಿದವನು, ತನ್ನ ವಾದ್ಯ ತಾನಾಗಿ ಮಿಡಿಯುವುದನ್ನು ಅಂದು ಮೊದಲ ಸಲ ಗಮನಿಸಿದ. ಉಸಿರಾಡಿದರೆ ನಿಂತೀತೆಂದು ಹೆದರಿ ಉಸಿರು ಹಿಡಿದ.

ಕೊನೆಗೆ ಮೂವರೂ ಒಮ್ಮೆಗೇ ಕಮಾನು ಎತ್ತಿ, ತಮ್ಮ ತಂತಿಗಳನ್ನು ಅಂಗೈಯಿಂದ ಅದುಮಿದರು. ಹಾಳೆಯಲ್ಲಿ ಹಾಗೆ ಬರೆದಿತ್ತು. ನುಡಿಸಿದ ವಾದ್ಯಗಳೆಲ್ಲ ಮೌನವಾದವು. ಆದರೂ ಸಭೆಯಲ್ಲಿ ಒಂದು ಸದ್ದು ಉಳಿದಿತ್ತು. ತೀರ ಸಣ್ಣದು, ಒಂದು ಉಸಿರಿನಷ್ಟು ಹೊತ್ತು. ಹಿಂದಿನ ಸಾಲಿನವರೂ ಕತ್ತು ಮುಂದೆ ಚಾಚಿ ಕೇಳಿದರು. ಅದು ನುಡಿಸದವನ ವಾದ್ಯದಿಂದ ಬರುತ್ತಿತ್ತು.

ಸದ್ದು ಆರಿತು. ವಯೋಲಾದವನು ನಾಚಿಕೆ ಬಿಟ್ಟು ಅತ್ತ. ಆಮೇಲೆ ಪೆಟ್ಟಿಗೆ ಮುಚ್ಚುತ್ತಾ ಚೆಲ್ಲೋದವನನ್ನು, “ನಾಳೆ ಅಭ್ಯಾಸ ಎಷ್ಟು ಗಂಟೆಗೆ?” ಎಂದು ಕೇಳಿದ.

ಗುರುಗಳು ಮತ್ತೆ ಕಾಳಿಗೆ ಕೈ ಹಾಕಿದರು. ಸೋಮಲಿಂಗ ಎದ್ದು ನಿಂತ. “ಕತೆ ಚೆನ್ನಾಗಿದೆ ಗುರುಗಳೇ. ಆದರೆ ವೀರಭದ್ರಯ್ಯನಲ್ಲಿ ನಾನೊಂದು ಮಿಡಿತವನ್ನೂ ಕಾಣಲಿಲ್ಲ.”

“ಅದು ನಿನಗೆ ಹೇಗೆ ಕಂಡೀತು?” ಎಂದರು ಗುರುಗಳು. “ನಿನ್ನೆ ನೀನು ಎದ್ದುಹೋದಾಗಿನಿಂದ ತಿರುಗಿ ಬರುವವರೆಗೆ ಅವನು ಬಾಗಿಲನ್ನೇ ನೋಡುತ್ತಿದ್ದ.”

ಸೋಮಲಿಂಗ ವೀರಭದ್ರಯ್ಯನ ಕೋಣೆಯ ಕಡೆಗೆ ನಡೆದ.