ಕಲಿಯೋರು ಹೆಣೆದ ಕುರ್ಚಿ

ಕೈಕಾಲು ಊನವಾದವರಿಗೆ ಕೆಲಸ ಕಲಿಸೋ ಕೇಂದ್ರ ಒಂದಿತ್ತು ಕಣ್ರಪ್ಪಾ. ಅಲ್ಲಿ ಚೌಡಮ್ಮ ಬೆತ್ತದ ಕುರ್ಚಿ ಹೆಣೀತಿದ್ದಳು. ಕುರ್ಚಿಗಳು ಪೇಟೆಯಲ್ಲಿ ಬಿಸಿ ದೋಸೆ ಹಾಗೆ ಖರ್ಚಾಗೋವು. ಆದರೆ ಅವಳು ಸಂಬಳ ಕೇಳಿದರೆ ಅಧ್ಯಕ್ಷರದ್ದು ಒಂದೇ ಮಾತು: "ನೀನಿನ್ನೂ ಕಲೀತಾ ಇದೀಯಲ್ಲಮ್ಮ!" ಹಾಗೆ ಕಲೀತಾ ಕಲೀತಾ ಅವಳ ತಲೆಯೇ ನರೆತುಹೋಯ್ತು.

ವಾರ್ಷಿಕೋತ್ಸವಕ್ಕೆ ಮಂತ್ರಿಗಳು ಬಂದರು. ಹಾರ ಹಾಕಿಸಿಕೊಂಡು ಕೂರೋಕೆ ಬಗ್ಗಿದರು.

"ಅಯ್ಯೋ ಬುದ್ಧಿ, ಕೂರಬೇಡಿ!" ಅಂತ ಚೌಡಮ್ಮ ಕೂಗಿದಳು. "ಆ ಕುರ್ಚಿ ನಾನು ಹೆಣೆದದ್ದು. ನಾನಿನ್ನೂ ಕಲಿಯೋಳು, ಅಧ್ಯಕ್ಷರನ್ನೇ ಕೇಳಿ. ಮುರಿದರೆ ನಿಮ್ಮ ಸೊಂಟದ ಗತಿ?"

ಮಂತ್ರಿಗಳು ನೆಟ್ಟಗೆ ನಿಂತುಬಿಟ್ಟರು. ಮಂತ್ರಿ ನಿಂತಿರುವಾಗ ಉಳಿದವರು ಕೂರೋದುಂಟೇ? ಪ್ರಾರ್ಥನೆ, ಸ್ವಾಗತ, ವರದಿ, ಎಲ್ಲ ನಿಂತೇ ನಡೀತು. ಅಧ್ಯಕ್ಷರು ಮೆಲ್ಲಗೆ ಚೌಡಮ್ಮನ ಹತ್ತಿರ ಸರಿದರು.

"ಗಟ್ಟಿಯಾಗಿದೆ ಕಣಮ್ಮ, ಮುರಿಯೋಲ್ಲ!" ಅಂತ ಪಿಸುಗುಟ್ಟಿದರು.

"ಅದನ್ನ ಮೈಕಲ್ಲಿ ಹೇಳಿ ಸ್ವಾಮಿ."

ಹೇಳದೆ ಏನು ಮಾಡ್ತಾರೆ? "ಚೌಡಮ್ಮ ಪೂರ್ತಿ ಕಲಿತಾಗಿದೆ. ಬರೋ ತಿಂಗಳಿಂದ ಸಂಬಳ!" ಅಂದರು.

ಜನ ಚಪ್ಪಾಳೆ ತಟ್ಟಿದರು. ಮಂತ್ರಿಗಳು ಉಸ್ಸಪ್ಪಾ ಅಂತ ಕೂತರು. ಅಧ್ಯಕ್ಷರೂ ಇನ್ನೇನು ಕೂರಬೇಕು, ಹಿಂದಿನ ಸಾಲಿಂದ ಪುಟ್ಟತಾಯಿ ಕೋಲೂರಿಕೊಂಡು ಮುಂದೆ ಬಂದಳು.

"ತಡೀರಿ ಸ್ವಾಮಿ! ನಿಮ್ಮ ಕುರ್ಚಿ ಹೆಣೆದೋಳು ನಾನು. ನಾನೂ ಇನ್ನೂ ಕಲಿಯೋಳೇ ಅಲ್ವಾ?"