ಅಕ್ಕಿಗೆ ಮೊದಲು ಆಣೆ

ಮಹಾಮಾರಿಗೆ ಹೆದರಿ ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ಕಾಲ. ಹೊಳೆದಂಡೆಯ ಮಠದಲ್ಲಿ ಒಂದು ಪದ್ಧತಿ ಮಾತ್ರ ನಿಂತಿರಲಿಲ್ಲ. ಊಟಕ್ಕೆ ಕೂರುವ ಮುಂಚೆ ಶಿಷ್ಯ ಗುರುಪಾದ ಹೊರಬಾಗಿಲಿಗೆ ಹೋಗಿ, "ಹಸಿದವರು ಯಾರರ ಅದೀರೇನು?" ಎಂದು ಕೂಗಬೇಕು. ಬಂದವರಿಗೆ ಕೊಟ್ಟ ಮೇಲೆಯೇ ಮಠದವರ ಊಟ.

ಆ ದಿನ ಇಳಿಹೊತ್ತಿನ ಕೂಗಿಗೆ ದುರುಗವ್ವ ಬಂದಳು. ಪೇಟೆಯ ಹಿಂದಿನ ಓಣಿಯಲ್ಲಿ ಮೈಮಾರಿ ಬದುಕುವವಳು. ಬಾಯಿಗೆ ಸೆರಗು ಕಟ್ಟಿದ್ದಳು.

"ಅಕ್ಕಿ ಕೊಡ್ರಿ ಸ್ವಾಮ್ಯಾರ. ಗಿರಾಕಿ ಇಲ್ಲ, ಒಲಿ ಹಚ್ಚಿಲ್ಲ. ಬರಾವ ಒಬ್ಬನ, ಅವ ನಿರೋಧ್ ಒಲ್ಲೆ ಅಂತಾನ. ಮೊದಲ ಅಂಥವನ್ನ ಹೊಸ್ತಿಲ ದಾಟಾಕ ಬಿಡ್ತಿರಲಿಲ್ಲ. ಜಡ್ಡು ಅಂಟಿದ್ರ ನೋಡೋ ದವಾಖಾನಿನೂ ಮುಚ್ಚೈತಿ. ಸಂಜಿಗೆ ಬರ್ತೀನಿ ಅಂದಾನ. ಮನ್ಯಾಗ ಅಕ್ಕಿ ಇದ್ರ ಹೋಗಲೇ ಅಂತೀನಿ."

"ಈ ಕಸಬು ಬಿಡ್ತೀನಿ ಅಂತ ಗದ್ದಿಗಿ ಮುಟ್ಟಿ ಆಣಿ ಮಾಡು" ಎಂದ ಗುರುಪಾದ. " ಆಮ್ಯಾಲೆ ಅಕ್ಕಿ."

ದುರುಗವ್ವ ಗದ್ದಿಗೆಯ ಕಡೆ ನೋಡಿದಳು.

"ಅದನ್ನ ಮುಟ್ಟಿ ಸುಳ್ಳ ಹೇಳಾಕ ಬರಂಗಿಲ್ರಿ" ಎಂದು ಬರಿಗೈಯಲ್ಲಿ ಹೋದಳು.

ಗುರುಪಾದ ಎಲೆಯ ಮುಂದೆ ಕೂತ. ಧರ್ಮ ಕಾಪಾಡಿದ ಹೆಮ್ಮೆಗೆ ಹಸಿವೂ ಜೋರಾಗಿತ್ತು.

"ಯಾರೂ ಬರಲಿಲ್ಲೇನು?" ಗುರುಗಳು ಕೇಳಿದರು.

ಶಿಷ್ಯ ನಡೆದದ್ದನ್ನೆಲ್ಲ ಹೇಳಿದ.

ಗುರುಗಳು ತುತ್ತು ಎತ್ತಿದ ಅವನ ಕೈ ಹಿಡಿದರು. "ಇನ್ನ ಮ್ಯಾಲೆ ಹಸಿವಾಗಂಗಿಲ್ಲ ಅಂತ ಆಣಿ ಮಾಡು. ಆಮ್ಯಾಲೆ ಉಣ್ಣು."

ಗುರುಪಾದ ತುತ್ತನ್ನು ಎಲೆಗೆ ಇಳಿಸಿದ.

"ಏಳು, ಅಕ್ಕಿ ಚೀಲ ಹೊರು. ಹೊತ್ತು ಮುಳುಗಾಕತ್ತೈತಿ."

ಇಬ್ಬರೂ ಓಡುತ್ತ ನಡೆಯುತ್ತ ಓಣಿ ಮುಟ್ಟಿದರು. ದುರುಗವ್ವನ ಬಾಗಿಲು ಮುಚ್ಚಿತ್ತು. ಹೊರಗೆ ಗಂಡಸಿನ ಚಪ್ಪಲಿ ಇದ್ದವು.

ಗುರುಪಾದ ಚೀಲ ಇಳಿಸಿದ. "ತಡ ಆತ್ರಿ ಅಜ್ಜಾರ. ನನ್ನಿಂದ ಆತು."

"ಕೂಗು."

"ಇಲ್ಲೇನ್ರಿ?"

"ಮಠದಾಗ ಹೆಂಗ ಕೂಗ್ತಿ, ಹಂಗ ಕೂಗು."

ಅವನು ಗಂಟಲು ಹರಿಯುವಂತೆ ಕೂಗಿದ: "ಹಸಿದವರು ಯಾರರ ಅದೀರೇನು?"

ಒಳಗೆ ಗಂಡಸಿನ ಬೈಗುಳ ಕೇಳಿತು.

ಅಗುಳಿ ಸರಿಯಿತು. ದುರುಗವ್ವ ಚೀಲ ನೋಡಿದಳು. ಒಳಕ್ಕೆ ತಿರುಗಿ, "ನಿನ್ನ ದಾರಿ ಹಿಡಿ" ಎಂದಳು.

ಗಂಡಸು ಗುರುಗಳ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೋದ.

ಹಿಂದಿರುಗುವಾಗ ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಕ್ಕಿ ತೀರಿದ ದಿನ ಅವ ಮತ್ತ ಬರ್ತಾನ. ನೀವು ಆಕಿ ಕಡಿಂದ ಆಣಿ ಮಾಡಿಸಲೇ ಇಲ್ಲಲ್ರಿ, ಅಜ್ಜಾರ?"

"ಆಣಿ ನೀ ಮಾಡು" ಎಂದರು ಗುರುಗಳು. "ಅಕ್ಕಿ ತೀರೂಕಿಂತ ಮೊದಲ ಬರ್ತೀನಿ ಅಂತ."